ಹೊಸ್ತಿಲಲ್ಲಿ ನಿಂತ ಕ್ಯಾಮೆರಾ: ಗಿರೀಶ ಕಾಸರವಳ್ಳಿಯವರ ದೃಶ್ಯಶೈಲಿ

ಕನ್ನಡಕ್ಕೆ ನಾಲ್ಕು ಬಾರಿ ಸ್ವರ್ಣಕಮಲವನ್ನು ತಂದುಕೊಟ್ಟ ನಿರ್ದೇಶಕರು ಶ್ರೀ ಗಿರೀಶ ಕಾಸರವಳ್ಳಿಯವರು. ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997), ‘ದ್ವೀಪ’ (2002) ಎಂಬ ಹೆಸರುಗಳನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಅಭಿಮಾನದಿಂದ ಉಚ್ಚರಿಸುತ್ತೇವೆ. ಆದರೆ ಹೆಸರು ಹೇಳುವವರಲ್ಲಿ ಚಿತ್ರವನ್ನು ಕೊನೆಯವರೆಗೆ ನೋಡಿದವರೆಷ್ಟು ಎಂದು ಕೇಳಿದರೆ ಉತ್ತರ ಅಷ್ಟು ಅಭಿಮಾನಪಡುವಂತಿರದು. ‘ಪ್ರಶಸ್ತಿ ಚಿತ್ರ, ಬಹಳ ನಿಧಾನ’ ಎಂಬ ಒಂದು ಮಾತಿನಲ್ಲಿ ಅವುಗಳನ್ನು ಬದಿಗಿರಿಸುವ ರೂಢಿ ಬೆಳೆದಿದೆ. ಆ ನಿಧಾನವು ದೋಷವೋ, ಅಥವಾ ಅರ್ಥವಿರುವುದೇ ಅದರಲ್ಲೋ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಕಾಸರವಳ್ಳಿಯವರು 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜನಿಸಿದರು. ಮಣಿಪಾಲದಲ್ಲಿ ಔಷಧ ವಿಜ್ಞಾನವನ್ನು ಓದಿ, ಆ ವೃತ್ತಿಯನ್ನು ಬಿಟ್ಟು, ಪುಣೆಯ ಚಲನಚಿತ್ರ ಶಿಕ್ಷಣ ಸಂಸ್ಥೆಯನ್ನು ಸೇರಿದರು. ಅಲ್ಲಿ ಸಿದ್ಧಪಡಿಸಿದ ‘ಅವಶೇಷ’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತು. ಬಿ. ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದ ಬಳಿಕ ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ ‘ಘಟಶ್ರಾದ್ಧ’ವನ್ನು ನೀಡಿದರು.

ಯು. ಆರ್. ಅನಂತಮೂರ್ತಿಯವರ ಮೂಲಕಥೆಯನ್ನು ಹೇಳುವವನು ಒಬ್ಬ ಬಾಲಕ. ಬರಹದಲ್ಲಿ ‘ನಾನು’ ಎಂದರೆ ಸಾಕು. ಆದರೆ ಕ್ಯಾಮೆರಾಕ್ಕೆ ‘ನಾನು’ ಎನ್ನಲು ಬರುವುದಿಲ್ಲ. ಕಾಸರವಳ್ಳಿಯವರು ಇದಕ್ಕೆ ಕಂಡುಕೊಂಡ ಉಪಾಯವೇ ಅವರ ಶೈಲಿಯ ಬೀಜವೆಂದು ನಮ್ಮ ಭಾವನೆ. ವೇದಪಾಠಕ್ಕೆಂದು ಬಂದ ನಾಣಿಗೆ ಕಂಡಷ್ಟನ್ನೇ ಅವರು ನಮಗೂ ಕಾಣಿಸುತ್ತಾರೆ. ವಿಧವೆ ಯಮುನೆಯ ಬಸಿರು, ದೊಡ್ಡವರ ಪಿಸುಮಾತು, ಊರಿನ ಕಟ್ಟುಪಾಡು ಎಲ್ಲವೂ ಅರೆಬೆಳಕಿನಲ್ಲಿಯೇ ಗೋಚರಿಸುತ್ತವೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಮಲೆನಾಡಿನ ಮನೆಯ ಕತ್ತಲೆಯು ಕೇವಲ ಹಿನ್ನೆಲೆಯಲ್ಲ. ಮಗುವಿಗೆ ಅರ್ಥವಾಗದೆ ಉಳಿದದ್ದರ ರೂಪ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಮನೆಯಿಂದ ಹೊರಗೆ ಹಾಕುವಾಗ ನಿರ್ದೇಶಕರು ನಮಗೆ ಭಾಷಣ ಮಾಡುವುದಿಲ್ಲ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಹೆಣ್ಣನ್ನು, ಅಲ್ಲಿಂದ ಹೊರಟುಹೋಗುವ ಹುಡುಗನನ್ನು ತೋರಿಸುತ್ತಾರೆ. ತೀರ್ಪು ನಮಗೇ ಬಿಟ್ಟದ್ದು.

ಮನೆಯೊಳಗೆ ಯಾರಿರಬಹುದು, ಯಾರು ಹೊರಗೆ ಹೋಗಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯು ಅಲ್ಲಿಂದ ಮುಂದೆ ಅವರನ್ನು ಬಿಡಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ‘ತಬರನ ಕಥೆ’ಯಲ್ಲಿ ಹೊಸ್ತಿಲು ಸರ್ಕಾರಿ ಕಚೇರಿಯದು. ಜೀವಮಾನವೆಲ್ಲ ಆ ಬಾಗಿಲನ್ನು ಕಾಯ್ದ ಜವಾನನು ನಿವೃತ್ತಿವೇತನಕ್ಕಾಗಿ ಅದೇ ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಾನೆ. ಚಾರುಹಾಸನ್ ಅವರ ಬಾಗಿದ ಬೆನ್ನು ಎಷ್ಟೋ ಸಂಭಾಷಣೆಗಳ ಕೆಲಸವನ್ನು ತಾನೇ ಮಾಡುತ್ತದೆ. ಅಧಿಕಾರಿಗಳಲ್ಲಿ ಒಬ್ಬನೂ ರಾಕ್ಷಸನಲ್ಲ. ಎಲ್ಲರೂ ನಿಯಮ ಹೇಳುವವರೇ. ಭಯ ಹುಟ್ಟಿಸುವುದು ಅದೇ.

ರಂ. ಶಾ. ಲೋಕಾಪುರ ಅವರ ಕಾದಂಬರಿಯಿಂದ ಬಂದ ‘ತಾಯಿ ಸಾಹೇಬ’ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದವರಿಗೆ ವಿಶೇಷವಾಗಿ ಆಪ್ತವಾಗಬೇಕಾದ ಚಿತ್ರ. ಅಂಥ ವಾಡೆಗಳನ್ನೂ, ಸೆರಗು ಹೊದ್ದು ಒಳಬಾಗಿಲಲ್ಲಿ ನಿಂತ ಹಿರಿಯ ಹೆಣ್ಣುಮಕ್ಕಳನ್ನೂ ನಾವು ಬಲ್ಲೆವು. ಪತಿ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡುವವನು. ಪತ್ನಿಗೆ ಮಾತ್ರ ವಾಡೆಯ ಗೋಡೆಗಳೇ ಎಲ್ಲೆ. ಈ ವಿರೋಧವನ್ನು ಮಾತಿಗಿಂತ ಹೆಚ್ಚಾಗಿ ಕಂಬ, ಪಡಸಾಲೆ, ಬಾಗಿಲವಾಡಗಳ ನಡುವೆ ಜಯಮಾಲಾ ಅವರು ನಡೆಯುವ, ನಿಲ್ಲುವ ಬಗೆಯಿಂದಲೇ ಹೇಳಲಾಗಿದೆ. ವೈಶಾಲಿ ಕಾಸರವಳ್ಳಿಯವರ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂದುದು ಉಚಿತವೇ ಆಗಿದೆ.

ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ ‘ದ್ವೀಪ’ದಲ್ಲಿ ಮನೆಯ ಸುತ್ತ ಅಣೆಕಟ್ಟಿನ ನೀರು ಏರುತ್ತದೆ. ಎಚ್. ಎಂ. ರಾಮಚಂದ್ರ ಅವರ ಛಾಯಾಗ್ರಹಣದಲ್ಲಿ ಆ ಎಡೆಬಿಡದ ಮಳೆ ಸುಂದರವೂ ಹೌದು, ಘೋರವೂ ಹೌದು. ಸೌಂದರ್ಯ ಅವರು ಅಭಿನಯಿಸಿದ ನಾಗಿ ತನ್ನ ಧೈರ್ಯದಿಂದ ಮನೆಯನ್ನು ಕಾಯುತ್ತಾಳೆ. ನೀರಿಳಿದ ಮೇಲೆ ಗಂಡನು ಆ ಶ್ರೇಯಸ್ಸನ್ನು ದೈವಕ್ಕೆ ಅರ್ಪಿಸುತ್ತಾನೆ. ಮನೆ ಉಳಿಯಿತು, ಉಳಿಸಿದವಳು ಗಣನೆಗೆ ಬರಲಿಲ್ಲ. ಇಷ್ಟು ಕಟುವಾದ ಮಾತನ್ನು ಇಷ್ಟು ಮೆಲ್ಲಗೆ ಹೇಳಿದ ಚಿತ್ರಗಳು ಕನ್ನಡದಲ್ಲಿ ವಿರಳ.

ಮೂಲಕಥೆಯನ್ನು ಕಾಸರವಳ್ಳಿಯವರು ಯಥಾವತ್ತಾಗಿ ಅನುಸರಿಸುವವರಲ್ಲ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಚಿತ್ರಮಂದಿರ. ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಕರಾವಳಿಯ ಮುಸ್ಲಿಂ ಸೂಲಗಿತ್ತಿಯ ಗುಡಿಸಲಿಗೆ ಬರುವುದು ದೂರದರ್ಶನ. ಕಾಲವೂ ಕಾರ್ಗಿಲ್ ಯುದ್ಧದ ಕಾಲವಾಗುತ್ತದೆ. ಪೆಟ್ಟಿಗೆಯೊಳಗಿನ ಲೋಕವನ್ನು ನೋಡಲು ಅವಳ ಮನೆಗೆ ನುಗ್ಗುತ್ತಿದ್ದ ಊರೇ ಅವಳನ್ನು ಹೊರದಬ್ಬುತ್ತದೆ. ಇಂಥ ಬದಲಾವಣೆಯನ್ನು ಕೆಲವರು ಮೂಲಕ್ಕೆ ಮಾಡಿದ ಅಪಚಾರವೆನ್ನುವರು. ಕಥೆಯನ್ನು ತನ್ನ ಕಾಲದಲ್ಲಿ ನಿಂತು ಮತ್ತೊಮ್ಮೆ ಓದುವ ಕ್ರಮವಿದೆಂದು ನಾವು ತಿಳಿಯುತ್ತೇವೆ. ಉಮಾಶ್ರೀ ಅವರ ಮುಖದಲ್ಲಿ ಬೆರಗು ಮೆಲ್ಲಗೆ ಆರಿಹೋಗುವುದನ್ನು ಕಂಡವರು ಈ ಓದನ್ನು ಅಲ್ಲಗಳೆಯಲಾರರು.

ಎಲ್ಲ ಚಿತ್ರಗಳೂ ಸಮಾನವಲ್ಲ. ‘ಮನೆ’ (1991) ಚಿತ್ರದಲ್ಲಿ ನಗರದ ಬಾಡಿಗೆ ಕೋಣೆ, ಕಿರುಗುಟ್ಟುವ ಮಂಚ, ಹೊರಗಿನ ಗದ್ದಲ ಇವೆಲ್ಲ ಸಂಕೇತಗಳಾಗಿ ಮುಂದೆ ನಿಂತು, ದಂಪತಿಗಳು ಹಿಂದೆ ಸರಿದಂತೆ ನಮಗೆ ತೋರುತ್ತದೆ. ಸಂಯಮವು ಕೆಲವೊಮ್ಮೆ ತಣ್ಣಗಾಗಿ ನೋಡುಗನನ್ನು ಹೊರಗೇ ನಿಲ್ಲಿಸುವುದೂ ಉಂಟು. ಆದರೆ ಅಳಿಸುವುದು ಸುಲಭವಿದ್ದ ಕಡೆ ಅಳಿಸದೆ ಬಿಟ್ಟದ್ದು ಅವರ ದೊಡ್ಡ ಗುಣ. ಪಾತ್ರವನ್ನು ಕಂಡು ಕನಿಕರಪಟ್ಟು ಮನೆಗೆ ಹೋಗಿ ಮಲಗಲು ಅವರು ಬಿಡುವುದಿಲ್ಲ.

ನಮ್ಮ ಗಡಿನಾಡಿನ ಮನೆಗಳಿಗೆ ಈ ಚಿತ್ರಗಳಿಂದ ಇನ್ನೊಂದು ಪ್ರಯೋಜನವಿದೆ. ನಮ್ಮ ಅನೇಕ ಮೊಮ್ಮಕ್ಕಳು ಕನ್ನಡವನ್ನು ಆಡುತ್ತಾರೆ, ಓದಲಾರರು. ಅನಂತಮೂರ್ತಿ, ತೇಜಸ್ವಿ, ವೈದೇಹಿ, ಬಾನು ಮುಷ್ತಾಕ್, ಅಮರೇಶ ನುಗಡೋಣಿ, ಜಯಂತ ಕಾಯ್ಕಿಣಿ ಇವರೆಲ್ಲರ ಕಥೆಗಳು ಕಾಸರವಳ್ಳಿಯವರ ಚಿತ್ರಗಳಾಗಿವೆ. ಅಕ್ಷರದ ಬಾಗಿಲು ಮುಚ್ಚಿರುವ ಮಗುವಿಗೆ ಕಣ್ಣು ಮತ್ತು ಕಿವಿಗಳ ಬಾಗಿಲು ತೆರೆದೇ ಇದೆ. ಸಂಘವು ತಿಂಗಳಿಗೊಂದು ಚಿತ್ರವನ್ನು ಹಿರಿಯರು, ಕಿರಿಯರು ಕೂಡಿ ನೋಡುವಂತೆ ಏರ್ಪಡಿಸಿ, ಬಳಿಕ ಅರ್ಧ ಗಂಟೆ ಮಾತುಕತೆಗೆ ಅವಕಾಶ ಕೊಟ್ಟರೆ ಅದು ಹತ್ತು ಭಾಷಣಗಳಿಗಿಂತ ಮೇಲು. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಲ್ಲಿನವರು ನೋಡಿದ್ದನ್ನು ನಮ್ಮವರು ನೋಡದಿರುವುದು ತರವಲ್ಲ.

ಕಾಯ್ಕಿಣಿಯವರ ಕಥೆಯನ್ನು ಆಧರಿಸಿ 2020ರಲ್ಲಿ ಅವರು ನಿರ್ಮಿಸಿದ ಚಿತ್ರದ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಪರರ ಮನೆಯ ಚಾಕರಿಗೆ ಸೇರಿದ ಹುಡುಗನೊಬ್ಬನ ಕಥೆ ಅದು. ಗಡಿಯಲ್ಲಿ ಬಾಳುವ ನಮಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಚಿತ್ರಗಳನ್ನು ಅದರಿಂದಲೇ ಆರಂಭಿಸಬಹುದು.