ಸಿದ್ದ ಹೊರಗೆ ಯಾಕೆ ಮಲಗಬೇಕು?

ಚಿತ್ತೆ ಮಳೆ ಹೊಯ್ದು ನಿಂತ ಮಾರನೇ ದಿನ. ಕವಿಗಳ ಲೆಕ್ಕದಲ್ಲಿ ಅದು ಶರದೃತು, ನಮ್ಮ ಲೆಕ್ಕದಲ್ಲಿ ಕಡ್ಲೇಕಾಯಿ ಕೀಳುವ ಕಾಲ. ನೆಲದಲ್ಲಿ ಹಸಿ ಇರುವಾಗಲೇ ಗಿಡ ಕಿತ್ತುಬಿಡಬೇಕು, ಬಿರಿದರೆ ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಆದ್ದರಿಂದ ಹೊತ್ತು ಮೂಡುವಾಗ ಬಗ್ಗಿದ ಬೆನ್ನು ಹೊತ್ತು ಮುಳುಗಿದ ಮೇಲೇ ನೆಟ್ಟಗಾಗುವುದು. ಅಂಥದೊಂದು ದಿನ ಸಂಜೆ, ಮುದ್ದೆ ಉಂಡು, ಹಟ್ಟಿಯ ಜಗಲಿ ಮೇಲೆ ಹುಡುಗರ ಫೋನು ಸುತ್ತ ಕೂತು ನಾವು 'ಮಾಲ್ಗುಡಿ ಡೇಸ್' ನೋಡಿದೆವು.

ಹಳೇ ದೂರದರ್ಶನ ಅಂದರೆ ಈಗ ಎಲ್ಲರಿಗೂ ಕಣ್ಣು ತೇವವಾಗುತ್ತದೆ. 'ಆ ಕಾಲವೇ ಚೆನ್ನಾಗಿತ್ತು' ಅನ್ನುತ್ತಾರೆ. ಯಾರ ಕಾಲ ಸ್ವಾಮಿ? 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಪೆಟ್ಟಿಗೆ ಊರಿಗೆಲ್ಲ ಸೇರಿದ್ದು ಎಂದರು. ಆದರೆ ಊರು ಎಂದರೆ ಕೇರಿಯೂ ಸೇರಿತೇ ಎಂದು ಯಾವ ಉಪಗ್ರಹವೂ ಕೇಳಲಿಲ್ಲ. ಆಮೇಲೆ ಉಳ್ಳವರ ಮನೆಗಳಿಗೆ ಟಿವಿ ಬಂದಾಗ ನಾವು ನೋಡಿದ್ದು ಕಿಟಕಿಯ ಸರಳಿನ ಸಂದಿಯಲ್ಲಿ. ಒಳಗಿದ್ದವರು ಚಾಪೆ ಮೇಲೆ ಒರಗಿ ನೋಡಿದರು, ನಾವು ತುದಿಗಾಲಲ್ಲಿ ನಿಂತು ನೋಡಿದೆವು. ಹೀಗೆ ನಿಂತು ನೋಡಿದ ಕಣ್ಣಿನ ವಿಮರ್ಶೆಯೇ ಬೇರೆ.

ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' 1986ರಿಂದ ಮುಂದೆ ದೂರದರ್ಶನದಲ್ಲಿ ಬಂತು. ಕನ್ನಡದ ನೆಲ, ಕನ್ನಡದ ಕಲಾವಿದರು, ಮಾತು ಮಾತ್ರ ಇಂಗ್ಲಿಷು, ಹಿಂದಿ. ಆದರೂ ಅದು ನಮಗೆ ಇಷ್ಟವಾಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದರೆ ಇವತ್ತಿಗೂ ಕಿವಿ ನಿಮಿರುತ್ತದೆ. ಮಾಸ್ಟರ್ ಮಂಜುನಾಥನ ಸ್ವಾಮಿ ನಮ್ಮ ಕೇರಿಯ ಹುಡುಗರಿಗೂ ಗೆಳೆಯನೇ.

ಆ ಸಂಜೆ ನೋಡಿದ್ದು 'ಲೀಲಾಳ ಗೆಳೆಯ'ನ ಕತೆ. ಮನೆಗೆಲಸಕ್ಕೆ ಬಂದ ಸಿದ್ದ, ಅವನನ್ನು ಹಚ್ಚಿಕೊಂಡ ಪುಟ್ಟ ಲೀಲಾ. ಅವಳ ಚಿನ್ನದ ಸರ ಕಾಣೆಯಾಗುತ್ತದೆ. ಆಪಾದನೆ ಸಿದ್ದನ ಮೇಲೆ. ಪೊಲೀಸರು ಎಳೆದು ತರುತ್ತಾರೆ. ಕೊನೆಗೆ ಸರ ಹುಣಸೇಹಣ್ಣಿನ ಪಾತ್ರೆಯಲ್ಲಿ ಸಿಕ್ಕುತ್ತದೆ. ಮುಗಿದಾಗ ನಮ್ಮ ದೊಡ್ಡವ್ವ ಕೇಳಿದಳು:

"ಅಲ್ಲ ಕಣ್ರೋ, ಆ ಸಿದ್ದ ರಾತ್ರಿ ಎಲ್ಲಿ ಮನಿಕ್ಕತಿದ್ದ?"

"ಮನೆ ಹೊರಗೆ ದೊಡ್ಡವ್ವ. ಪುಸ್ತಕದಾಗೆ ಬರ್ದವ್ರೆ."

"ಯಾಕಂತೆ?"

ಇದೇ ಪ್ರಶ್ನೆಯನ್ನು ಆರ್.ಕೆ. ನಾರಾಯಣ್ ತಮ್ಮ ಕತೆಯಲ್ಲಿ ಲೀಲಾಳ ಬಾಯಲ್ಲಿ ಕೇಳಿಸಿದ್ದಾರೆ. ಸಿದ್ದನನ್ನು ಯಾವಾಗಲೂ ಹೊರಗೆ ಯಾಕೆ ಮಲಗಿಸುತ್ತೀರಿ ಎಂದು ಮಗು ಕೇಳುತ್ತದೆ. ಉತ್ತರ ಸಿಕ್ಕುವುದಿಲ್ಲ. ಸಿದ್ದನ ಜಾತಿ ಯಾವುದೆಂದು ಕತೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಸರ ಸಿಕ್ಕಿದ ಮೇಲೂ ಅಪ್ಪ, ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ ಎಂಬ ಮಾತಾಡುತ್ತಾನೆ. ನಾರಾಯಣರಿಗೆ ಅನ್ಯಾಯ ಕಂಡಿದೆ, ಆದರೆ ಹೊಸಿಲ ಒಳಗಿನಿಂದ ಕಂಡಿದೆ. ಲೀಲಾಳ ದುಃಖ ನಮಗೆ ತಿಳಿಯುತ್ತದೆ. ಚಂದ್ರನ ಕತೆ ಹೇಳಿ ಮಗುವನ್ನು ಮಲಗಿಸಿದ ಸಿದ್ದ ಆಮೇಲೆ ಚಳಿಯಲ್ಲಿ ಏನು ಹೊದ್ದುಕೊಂಡ, ಯಾರನ್ನು ನೆನೆದ, ತಿಳಿಯುವುದಿಲ್ಲ. ಈ ಹಳೇ ಕಾರ್ಯಕ್ರಮಗಳ ಹಿತ ಇರುವುದೇ ಇಲ್ಲಿ. ದುಡಿಯುವವನು ಒಳಗೆ ಬಂದಾಗಷ್ಟೇ ಕಾಣುತ್ತಾನೆ, ಹೊರಗೆ ಹೋದ ಕೂಡಲೇ ಇಲ್ಲವಾಗುತ್ತಾನೆ.

ಅದೇ ದೂರದರ್ಶನಕ್ಕೆ 1981ರಲ್ಲಿ ಸತ್ಯಜಿತ್ ರಾಯ್ 'ಸದ್ಗತಿ' ಮಾಡಿದರು. ಪ್ರೇಮಚಂದರ ಕತೆ. ಹಳೇ ಟಿವಿಯನ್ನು ನೆನೆದು ನಿಟ್ಟುಸಿರಿಡುವವರು ಇದರ ಹೆಸರೆತ್ತುವುದು ಅಪರೂಪ. ಚಮ್ಮಾರ ದುಖಿ, ಅಂದರೆ ಓಂ ಪುರಿ, ಮಗಳ ನಿಶ್ಚಯಕ್ಕೆ ದಿನ ಕೇಳಲು ಪುರೋಹಿತನ ಮನೆಗೆ ಹೋಗುತ್ತಾನೆ. ಜ್ವರದಿಂದ ಎದ್ದ ಮೈ, ಹಸಿದ ಹೊಟ್ಟೆ. ಅಂಗಳ ಗುಡಿಸು, ಹೊಟ್ಟು ಹೊರು, ಈ ಕೊರಡು ಸೀಳು ಅನ್ನುತ್ತಾನೆ ಪುರೋಹಿತ. ತಾನು ಉಂಡು ಮಲಗುತ್ತಾನೆ. ಹಿಂದಿಯಲ್ಲಿ ಆ ಹೊಟ್ಟಿಗೆ ಭೂಸಾ ಅನ್ನುತ್ತಾರೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದಕ್ಕೆ ಬೀದಿಯಲ್ಲಿ ಏಟು ತಿಂದ ನಮ್ಮ ವಿದ್ಯಾರ್ಥಿಗಳ ಕಿವಿಗೆ ಆ ಶಬ್ದ ಸುಮ್ಮನೆ ಬಿದ್ದು ಹೋಗುವಂಥದ್ದಲ್ಲ.

ರಾಯ್ ಕ್ಯಾಮೆರಾವನ್ನು ಕೊರಡಿನ ಪಕ್ಕ, ಹೊರಗೆ ಇಟ್ಟರು. ಒಂದು ದಿನದ ಕೆಲಸವನ್ನು ಕೆಲಸವಾಗಿಯೇ ತೋರಿಸಿದರು. ಸೀಳದ ಕೊರಡು, ಏಳದ ಕೈ, ಅಷ್ಟೇ. ದುಖಿ ಅಲ್ಲೇ ಸಾಯುತ್ತಾನೆ. ಆಮೇಲೆ ನಡೆಯುವುದೇ ನಮಗೆ ಮುಖ್ಯ. ಗೋಂಡನೊಬ್ಬನ ಮಾತು ಕೇಳಿ ಕೇರಿಯವರು ಹೆಣ ಎತ್ತುವುದಿಲ್ಲ. ಘೋಷಣೆ ಇಲ್ಲ, ಕೂಗಾಟವಿಲ್ಲ, ಬರುವುದಿಲ್ಲ ಅಷ್ಟೇ. ಬಾವಿಯ ದಾರಿಯಲ್ಲಿ ಹೆಣ ಬಿದ್ದಿದೆ, ಮೇಲಿನವರಿಗೆ ನೀರಿಲ್ಲ. ಕೊನೆಗೆ ಪುರೋಹಿತನೇ ಹೆಣದ ಕಾಲಿಗೆ ಹಗ್ಗ ಹಾಕಿ ಎಳೆಯಬೇಕಾಗುತ್ತದೆ. ಮಡಿ ಅನ್ನುವುದು ನಮ್ಮ ದುಡಿಮೆ ಮೇಲೆ ನಿಂತಿದೆ, ನಾವು ಕೈ ತೆಗೆದರೆ ಅದೂ ಹೆಣ ಎಳೆಯಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಇನ್ನೊಂದು ಕಾರ್ಯಕ್ರಮ ಆ ಪೆಟ್ಟಿಗೆಯಲ್ಲಿ ನಾವು ಕಾಣಲಿಲ್ಲ.

ಹಾಗೆಂದು 'ಸದ್ಗತಿ'ಯನ್ನೂ ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ದುಖಿಗೂ ಸಂಜೆ ಇಲ್ಲ. ಹೊಸಿಲ ಒಳಗಿಂದ ನೋಡಿದ ಕಲೆ ನಮ್ಮನ್ನು ಹೊರಗೆ ಮಲಗಿಸಿತು, ಹೊರಗೆ ಬಂದು ನೋಡಿದ ಕಲೆ ನಮ್ಮನ್ನು ಹೊತ್ತು ಮುಳುಗುವ ಮುಂಚೆ ಸಾಯಿಸಿತು. ಮೊದಲನೆಯದರಲ್ಲಿ ಕರುಣೆ ಇದೆ, ಎರಡನೆಯದರಲ್ಲಿ ಸಿಟ್ಟಿದೆ. ಆದರೆ ಝುರಿಯಾ, ಅಂದರೆ ಸ್ಮಿತಾ ಪಾಟೀಲ್, ಹಿಂದಿನ ದಿನ ಗಂಡನ ಜೊತೆ ಯಾವುದಕ್ಕೆ ನಕ್ಕಿದ್ದಳು? ಕೂಲಿ ಮುಗಿಸಿ ಬಂದವರು ಜಗಲಿ ಮೇಲೆ ಯಾರನ್ನು ಬೈದುಕೊಂಡರು, ಯಾವ ಪದ ಹಾಡಿದರು? ಇದನ್ನು ಬರೆಯಬೇಕಾದವರು ನಾವೇ. ನಮ್ಮ ಸಾವನ್ನು ಬರೆದು ಚಪ್ಪಾಳೆ ಗಿಟ್ಟಿಸುವ ಚಟ ನಮ್ಮ ಗೆಳೆಯರಿಗೂ ಅಂಟಿದೆ, ಅದಕ್ಕೇ ಈ ಮಾತು.

ಫೋನಿನ ಬೆಳಕು ಆರಿದ ಮೇಲೂ ದೊಡ್ಡವ್ವ ಎದ್ದು ಹೋಗಲಿಲ್ಲ. ಮಡಿಲಲ್ಲಿದ್ದ ಹಸಿ ಕಾಯಿ ಸುಲಿದು ಎಲ್ಲರ ಕೈಗೂ ಇಕ್ಕುತ್ತಾ ಅಂದಳು: "ಆ ಸಿದ್ದ ಇಲ್ಲಿಗ್ ಬಂದಿದ್ರೆ ಒಳಗೇ ಮನಗುಸ್ತಿದ್ವಲ್ಲ."