ಎಡನೀರಿನ ರಾಜಹಕ್ಕಿ

ಮಧುವಾಹಿನೀ ತೀರದ ಎಡನೀರು ಮಠಕ್ಕೆ ಯಕ್ಷಗಾನಾಸಕ್ತಿಯಿಂದ ಬರುವವರು, ಇರುಳೆಲ್ಲ ಕಿರೀಟ-ವೇಷಗಳನ್ನು ಕಂಡು ತಣಿದ ಮೇಲೆಯೂ, ಬೆಳಗ್ಗೆ ಆಸುಪಾಸಿನ ನಾಗಬನವೊಂದರ ನೆರಳಿನಲ್ಲಿ ತುಸು ಹೊತ್ತು ನಿಲ್ಲುವುದು ಲೇಸು. ನೀಲಕೃಷ್ಣ ಶಿರಸ್ಸು, ಅದರ ಮೇಲೊಂದು ಜುಟ್ಟು, ಪಿಕಳಾರದಷ್ಟು ಪುಟ್ಟ ಮೈಗೆ ಒಂದಡಿಗೆ ಸಮೀಪದ ಶ್ವೇತಪುಚ್ಛ: ಇಂತಪ್ಪ ಗಂಡು ರಾಜಹಕ್ಕಿಯು ಕೊಂಬೆಯಿಂದ ಚಿಮ್ಮಿ, ಗಾಳಿಯಲ್ಲೇ ನೊಣವನ್ನು ಕಚ್ಚಿ, ಆ ನೀಳ ಬಾಲವನ್ನು ಒಂದು ಬಳ್ಳಿಗೂ ತೊಡಕಿಸದೆ ಮರಳಿ ಕೂರುವ ಕೌಶಲವನ್ನು ಯಾವ ವೇಷಧಾರಿಯ ಹೆಜ್ಜೆಗಿಂತಲೂ ಕಡಿಮೆಯೆನ್ನಲಾರೆ. ಕೂಗು ಮಾತ್ರ ಕರ್ಕಶ! ಕೆಂಗಂದು ಬಣ್ಣದ ಗಂಡುಗಳೂ ಉಂಟು. ಹೆಣ್ಣಿಗೆ ನೀಳ ಬಾಲವಿಲ್ಲ. ಕರಾವಳಿಗೆ ಇದು ಬಹುಮಟ್ಟಿಗೆ ಚಳಿಗಾಲದ ಅತಿಥಿ. ಬಳ್ಳಿ ಕಡಿದು, ತರಗೆಲೆ ಗುಡಿಸಿ, ಕಾಂಕ್ರೀಟು ಹಾಸಿದ ಬನದಲ್ಲಿ ಕೀಟಗಳೇ ಇಲ್ಲವಾಗುವುದರಿಂದ, ನಾಗನ ಕಟ್ಟೆಯ ಜೀರ್ಣೋದ್ಧಾರಕ್ಕೆ ಹೊರಟ ಮಹನೀಯರು ಸುತ್ತಲಿನ ಮರಗಳನ್ನು ಇದ್ದಂತೆಯೇ ಬಿಡಲಿ.