ಪೋಡಿನ ಮಗು, ಸಂಘದ ತಾಯಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬಡ ಕುಟುಂಬಗಳ ನಡುವೆ ಎರಡು ಸ್ವಯಂಸೇವಾ ಸಂಸ್ಥೆಗಳು ದಶಕಗಳಿಂದ ಕೆಲಸ ಮಾಡುತ್ತ ಬಂದಿವೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮನೆಯನ್ನು ತಲುಪಿದ್ದು ಮಗುವಿನ ಮೂಲಕ. ಕೊಳ್ಳೇಗಾಲ, ಹನೂರು ಭಾಗದಲ್ಲಿ ಮೈರಾಡ ತಲುಪಿದ್ದು ತಾಯಿಯ ಮೂಲಕ. ಎರಡೂ ದಾರಿಗಳು ಫಲ ಕೊಟ್ಟಿವೆ. ಆದರೆ ಶಾಲೆ ಬಿಟ್ಟು ಸಂಸಾರಕ್ಕೆ ಇನ್ನೂ ಕಾಲಿಡದ ವಯಸ್ಸಿನವರು ಎರಡರ ಕೈಗೂ ಪೂರ್ತಿಯಾಗಿ ಸಿಕ್ಕಿಲ್ಲ.

ಗಿರಿಜನ ಕಲ್ಯಾಣ ಕೇಂದ್ರವನ್ನು ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದರು. ಅದಕ್ಕೆ ಮೊದಲೇ, 1974ರಲ್ಲಿ, ಬೆಟ್ಟ ವನ್ಯಜೀವಿಧಾಮವಾಗಿತ್ತು. ಒಂದೆಡೆ ಕಾಡು ಸವರಿ ರಾಗಿ ಬೆಳೆದು, ಬಳಿಕ ಆ ನೆಲವನ್ನು ಬಿಟ್ಟು ಬೇರೆಡೆಗೆ ಸಾಗುತ್ತಿದ್ದ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಬೇಸಾಯ ನಿಂತುಹೋಗಿ, ಒಳಕಾಡಿನ ಪೋಡುಗಳು, ಅಂದರೆ ಅವರ ಹಾಡಿಗಳು, ಹೊರಗೆ ಬಂದು ನೆಲೆಸಬೇಕಾಯಿತು. ಕೇಂದ್ರದ ಕೆಲಸ ಚಿಕಿತ್ಸೆಯಿಂದ ಶುರುವಾದರೂ ಅಷ್ಟಕ್ಕೇ ನಿಲ್ಲಲಿಲ್ಲ. ಆಸ್ಪತ್ರೆಯ ಜೊತೆಗೆ ವಸತಿ ಶಾಲೆ, ಆಮೇಲೆ ಕಸುಬಿನ ತರಬೇತಿ, ಸೋಲಿಗರ ಸಂಘಗಳು ಬಂದವು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಪ್ರಶಸ್ತಿಗಿಂತ ತೂಕದ ಪುರಾವೆ ಶಾಲೆಯ ಹಾಜರಿ ಪುಸ್ತಕದಲ್ಲಿದೆ: ಅಕ್ಷರದ ಗಂಧವಿಲ್ಲದ ಮನೆಗಳಿಂದ ಬಂದವರು ಶಿಕ್ಷಕರಾದರು, ಆರೋಗ್ಯ ಕಾರ್ಯಕರ್ತರಾದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅರ್ಜಿ, ನಕ್ಷೆ, ಗ್ರಾಮಸಭೆಯ ನಡಾವಳಿಗಳನ್ನು ಓದಿ ಬರೆಯಬಲ್ಲ ಸೋಲಿಗರು ಆ ಹೊತ್ತಿಗೆ ಪೋಡುಗಳಲ್ಲಿದ್ದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಶಾಲೆಯ ನಿಜವಾದ ಫಲಿತಾಂಶವನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಿಂತ ಇಲ್ಲಿ ಹುಡುಕುವುದು ಸರಿ.

ಆದರೂ ವಸತಿ ಶಾಲೆ ಎಂಬ ಏರ್ಪಾಡಿಗೇ ಒಂದು ಊನವಿದೆ. ಜೇನು ಕೀಳುವುದು, ಗೆಡ್ಡೆ ಗುರುತಿಸುವುದು, ಆನೆಯ ಜಾಡು ಅರಿಯುವುದನ್ನು ಸೋಲಿಗ ಮಗು ಹಿರಿಯರ ಹಿಂದೆ ನಡೆದು ಕಲಿಯುವ ವಯಸ್ಸೂ ಹಾಸ್ಟೆಲಿನ ವಯಸ್ಸೂ ಒಂದೇ. ಊಟ, ಬಟ್ಟೆ, ಪುಸ್ತಕ ಸಿಗುವಲ್ಲಿ ಮಗುವನ್ನು ಬಿಟ್ಟ ತಂದೆತಾಯಿಗಳನ್ನು ದೂರುವಂತಿಲ್ಲ. ಆದರೆ ಹತ್ತನೆಯ ತರಗತಿಯಲ್ಲಿ ಎಡವಿದ ಹುಡುಗ ಪೋಡಿಗೆ ಮರಳಿದಾಗ ಕಾಡಿನ ಕೆಲಸವೂ ಬಾರದು, ಪೇಟೆಯ ಕೆಲಸವೂ ದಕ್ಕದು. 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಬಳಿಕ ಜೇನು, ನೆಲ್ಲಿ, ಸೀಗೆಗಳನ್ನು ತಂದು ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಮಾರುವುದಕ್ಕೂ ತಡೆ ಬಿದ್ದಾಗ ಈ ಕೊರತೆ ಇನ್ನಷ್ಟು ಹಿರಿದಾಯಿತು. ಅದು ಸಂಸ್ಥೆಯ ತಪ್ಪಲ್ಲ. ಆದರೆ ಕೂಲಿಗೆಂದು ಕಾಫಿ ತೋಟದ ಹಾದಿ ಹಿಡಿದವರಲ್ಲಿ ಶಾಲೆ ಕಂಡವರೂ ಇದ್ದಾರೆ.

1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ, ಈಗ ಹನೂರು ತಾಲ್ಲೂಕಿಗೆ ಸೇರಿರುವ ಒಡೆಯರಪಾಳ್ಯದ ಕಡೆ ಆ ಕೆಲಸ ಮುಗಿಯುತ್ತ ಬಂದಂತೆ ಸುತ್ತಲಿನ ಹಳ್ಳಿಗಳತ್ತ ತಿರುಗಿತು. 1980ರ ದಶಕದ ನಡುವಿನಲ್ಲಿ, ಅದು ಕಟ್ಟಿದ ದೊಡ್ಡ ಸಹಕಾರ ಸಂಘಗಳು ಒಡೆದವು. ಪರಸ್ಪರ ನಂಬಿಕೆಯಿದ್ದವರು ಹದಿನೈದು ಇಪ್ಪತ್ತು ಮಂದಿಯಂತೆ ಬೇರೆಬೇರೆಯಾಗಿ ಕೂಡಿಕೊಂಡರು. ಸಂಸ್ಥೆ ಅದನ್ನು ಸೋಲೆಂದು ಮುಚ್ಚಿಡದೆ ಆ ಚಿಕ್ಕ ಗುಂಪುಗಳನ್ನೇ ಬೆಳೆಸಿದ್ದು ಅದರ ಇತಿಹಾಸದ ಅತ್ಯಂತ ಜಾಣ ತೀರ್ಮಾನ. 1987ರಲ್ಲಿ ಈ ಕೆಲಸಕ್ಕೆ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಧನಸಹಾಯ ನೀಡಿತು; 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ದೇಶದಲ್ಲಿ ಶುರುವಾಯಿತು. ಸಂಘದ ಹಣದಲ್ಲಿ ಮೊದಲು ದವಸ, ಔಷಧಿ, ಸಾಹುಕಾರನ ಬಾಕಿ; ನಂತರ ಆಡು, ಹಸು, ಮಕ್ಕಳ ಓದು. ಯಾರಿಗೆ ಎಷ್ಟು, ಯಾವಾಗ ಎಂಬುದನ್ನು ಹೆಂಗಸರೇ ನಿರ್ಧರಿಸುತ್ತಿದ್ದರು. ಮುಂದೆ ನೂರರ ಆಸುಪಾಸಿನ ಸಂಘಗಳು ಸೇರಿ ಸಮುದಾಯ ಸಂಪನ್ಮೂಲ ಕೇಂದ್ರಗಳನ್ನು ನಡೆಸಿ, ಸೇವೆಗೆ ಶುಲ್ಕ ಕಟ್ಟುವ ಪದ್ಧತಿಯೂ ಬಂತು.

ಈ ಸಂಘಗಳ ಬೆಲೆ ಅವು ಸೊರಗಿದ ಕಡೆ ಹೆಚ್ಚು ತಿಳಿಯುತ್ತದೆ. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಕುಟುಂಬಗಳು ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಮೈಕ್ರೋಫೈನಾನ್ಸ್‌ನಲ್ಲೂ ಹೆಂಗಸರ ಗುಂಪುಗಳಿವೆ, ವಾರದ ಕಂತಿದೆ. ಇಲ್ಲದಿರುವುದು ಸ್ವಂತ ಉಳಿತಾಯ ಮತ್ತು ಕಷ್ಟ ಬಂದಾಗ ಕಂತು ಮುಂದೂಡುವ ಅಧಿಕಾರ. ಊರು ಬಿಟ್ಟ ಮನೆಯ ಮಗುವಿಗೆ ಶಾಲೆಯೂ ತಪ್ಪುತ್ತದೆ.

ಮೈರಾಡದ ಲೆಕ್ಕಾಚಾರದಲ್ಲಿ ತಾಯಿ ಗಟ್ಟಿಯಾದರೆ ಮಕ್ಕಳು ತಾವಾಗಿಯೇ ಮೇಲೇಳುತ್ತಾರೆ. ಎಳೆಯರ ಮಟ್ಟಿಗೆ ಈ ನಂಬಿಕೆ ಬಹುಪಾಲು ನಿಜ. ಹದಿನೇಳರ ಹುಡುಗಿಯ ಮದುವೆ ಮಾತಿಗೋ, ಪಿಯುಸಿ ಬಿಟ್ಟು ತಿರುಪ್ಪೂರಿನ ಗಾರ್ಮೆಂಟ್ಸ್‌ಗೆ ಹೊರಟ ಹುಡುಗನಿಗೋ ಸಾಲದ ಪುಸ್ತಕದಲ್ಲಿ ಉತ್ತರವಿಲ್ಲ. ಸಂಘಕ್ಕೆ ಅವರು ಸದಸ್ಯರೂ ಅಲ್ಲ.

ಮಗು ಮತ್ತು ಮನೆ ಎರಡನ್ನೂ ಒಟ್ಟಿಗೆ ಹಿಡಿದ ಪ್ರಯೋಗವೆಂದರೆ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಅದರ ಸೋದರ ಸಂಸ್ಥೆ ಕರುಣಾ ಟ್ರಸ್ಟ್ ಸೇರಿ ನಡೆಸಿದ ಬುಡಕಟ್ಟು ಹುಡುಗಿಯರ ಎಎನ್‌ಎಂ (ಸಹಾಯಕ ನರ್ಸ್) ತರಬೇತಿ. ಹುಡುಗಿ ಬುಡಕಟ್ಟಿನವಳೇ, ಕಲಿತ ಮೇಲೆ ಕೆಲಸ ಮಾಡುವುದೂ ತನ್ನವರ ನಡುವೆಯೇ. ಹೆರಿಗೆಗೆ ಆಸ್ಪತ್ರೆಯೆಂದರೆ ಹಿಂಜರಿಯುವ ಮನೆಗೆ ಹೊರಗಿನ ನರ್ಸ್‌ಗಿಂತ ಅವಳ ಮಾತು ಬೇಗ ನಾಟುತ್ತದೆ. ಸಂಬಳ ಮನೆಗೆ ಬರುತ್ತದೆ, ಮದುವೆ ಮುಂದಕ್ಕೆ ಹೋಗುತ್ತದೆ. ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ನಿರ್ವಹಣೆಗೆ ಪಡೆದದ್ದರಿಂದ ಇಂಥ ಕಲಿಕೆಗೂ ಸರ್ಕಾರಿ ಆರೋಗ್ಯ ವ್ಯವಸ್ಥೆಗೂ ನಂಟು ಸುಲಭವಾಯಿತು. ಆದರೆ ನರ್ಸ್ ಹುದ್ದೆಗಳು ಎಣಿಕೆಯವು. ಹುಡುಗರಿಗಂತೂ ಇದಕ್ಕೆ ಸಾಟಿಯಾದ ಓದು ಮತ್ತು ಊರಲ್ಲೇ ಉದ್ಯೋಗದ ಏರ್ಪಾಡು ಈ ಮೂರು ತಾಲ್ಲೂಕುಗಳಲ್ಲಿ ಅಷ್ಟು ದೊಡ್ಡದಾಗಿ ಬೆಳೆದಿಲ್ಲ.